ಕಣ್ಣು ಕಟ್ಟಿಕೊಂಡು ಹಾರಿದವನು

ಆಚೆ ದಡದ ಗಲಾಟಾ ಎಂಬ ಗೋಪುರದಿಂದ ಒಬ್ಬ ಮಹಾನುಭಾವ ಹಾರಿ, ಕಡಲು ದಾಟಿ, ನಮ್ಮೂರು ಉಸ್ಕುದಾರಿನಲ್ಲಿ ಇಳಿದನೆಂಬ ಸುದ್ದಿ ಕೇಳಿದ್ದೇ ನಸೂಹನಿಗೆ ರೆಕ್ಕೆಯ ಹುಚ್ಚು ಹಿಡಿಯಿತು. ಆ ಮಹಾನುಭಾವನಿಗೆ ಸಾವಿರ ವಿದ್ಯೆ ಬರುತ್ತಿತ್ತಂತೆ. ನಸೂಹನಿಗೆ ಬರುತ್ತಿದ್ದದ್ದು ಒಂದೇ, ಜಂಬ. ಇವನು ರಿಪೇರಿ ಮಾಡಿದ ಗಡಿಯಾರ ಮತ್ತೆ ನಡೆಯಲಿಲ್ಲ. ಇವನ ಮುಲಾಮು ಹಚ್ಚಿದ ಕತ್ತೆಗೆ ಕೂದಲು ಉಳಿಯಲಿಲ್ಲ.

ಇಂಥವನು ಒಂದು ಬೆಳಿಗ್ಗೆ ರಜಾಯಿ ಹೊಲಿಯುವ ಇಲ್ಯಾಸನ ಮಗಳು ಗುಲ್‌ಫೆಮ್‌ಳನ್ನು ಮದುವೆಗೆ ಕೇಳಲು ಹೋದ.

"ಹಾರ್ತೀನಿ ಹಾರ್ತೀನಿ ಅಂತ ವರ್ಷದಿಂದ ತಲೆ ತಿಂತಿದ್ದೀಯಲ್ಲ, ಇವತ್ತು ಹಾರಿ ತೋರ್ಸು, ಮಗಳು ನಿಂಗೆ," ಎಂದ ಇಲ್ಯಾಸ. "ಇಲ್ದಿದ್ರೆ ಸಂಜೆಗೇ ಕರುಳಿನ ಸಾರು ಮಾರೋ ಯಾಕೂಬನ ಜೊತೆ ನಿಶ್ಚಿತಾರ್ಥ."

ನಸೂಹ ರೆಕ್ಕೆ ಕಟ್ಟಿಕೊಂಡು ಮಸೀದಿಯ ಮಿನಾರಿನ ಬಾಗಿಲಿಗೆ ಬಂದರೆ ಇಡೀ ಕೇರಿಯೇ ಅಡ್ಡ ನಿಂತಿತ್ತು. ಇವನು ಬಿದ್ದು ಸಾಯುತ್ತಾನೆಂಬ ಚಿಂತೆ ಯಾರಿಗೂ ಇರಲಿಲ್ಲ.

"ಅಯ್ಯೋ, ಮೇಲಿಂದ ನಮ್ಮ ಅಂಗಳ ಎಲ್ಲಾ ಕಾಣ್ಸುತ್ತಲ್ರೀ! ಹೆಂಗಸ್ರು ಮುಸುಕಿಲ್ದೆ ಓಡಾಡೋ ಜಾಗ!" ಎಂದು ಕಟುಕ ದುರ್ಮುಷ್ ಬಾಯಿ ಬಡಿದುಕೊಂಡ. "ಮೇಲೆ ಹತ್ತಿ ಬಾಂಗ್ ಕೂಗೋಕೆ ಕುರುಡನ್ನೇ ಹುಡ್ಕಿ ಇಟ್ಕೊಂಡಿರೋದು ಮತ್ಯಾಕೆ?"

ಇಮಾಮರು ತೀರ್ಪು ಕೊಟ್ಟರು: "ಕಣ್ಣು ಕಟ್ಕೊಂಡು ಹಾರ್ಲಿ."

ಕಣ್ಣಿಗೆ ಬಟ್ಟೆಯೇನೋ ಕಟ್ಟಿದರು. ಆ ಬಟ್ಟೆಯನ್ನೂ ನಂಬದ ಗಂಡಸರು ಹೆಂಡಿರನ್ನು ಒಳಗೆ ಕೂಡಿಹಾಕಲು ತಂತಮ್ಮ ಮನೆಗೆ ಓಡಿ ಬಾಗಿಲು ಜಡಿದರು. ಇಮಾಮರು ಎಲ್ಲರಿಗಿಂತ ಮುಂದೆ ಓಡಿದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಏನು ಹೇಳಲಿ, ಆ ಪೆದ್ದ ನಿಜಕ್ಕೂ ಹಾರಿಬಿಟ್ಟ! ಸಾಲು ಮನೆಗಳನ್ನು ದಾಟಿ ಕೋಸಿನ ತೋಟದಲ್ಲಿ ಮುಖ ಅಡಿಯಾಗಿ ಬಿದ್ದ. ಮೂಗು ಒಡೆದರೂ ಕುಣಿಯುತ್ತಲೇ ವಾಪಸು ಓಡಿ ಬಂದ.

"ಮಾವಾ, ಹಾರಿದೆ!"

"ಯಾರು ನೋಡಿದ್ರೋ?" ಎಂದ ಇಲ್ಯಾಸ, ಬಾಗಿಲು ತೆರೆಯುತ್ತ.

ಯಾರೂ ನೋಡಿರಲಿಲ್ಲ. ಹೊರಗೆ ಬಂದ ಒಬ್ಬೊಬ್ಬನೂ "ನಾನು ಒಳಗಿದ್ನಪ್ಪ" ಎಂದ.

"ನಡ್ಕೊಂಡ್ ಹೋಗಿ ಕೋಸಲ್ಲಿ ಹೊರಳಾಡಿ ಬಂದಿದ್ದಾನೆ ಭಂಡ!" ಎಂದು ದುರ್ಮುಷ್ ನಕ್ಕ.

ಹುಡುಗಿ ಕೈತಪ್ಪುತ್ತಾಳೆಂದು ನಸೂಹ ಮುಂದೆ ನುಗ್ಗಿದ.

"ಸುಳ್ಳಾ? ಕೇಳಿ ಹಾಗಾದ್ರೆ! ಮಾವ, ನಿಮ್ಮನೆಯವ್ರು ಕೆಂಪು ಷರಾಯಿ ತೊಟ್ಕೊಂಡು, ಅಂಗಳದಲ್ಲಿ ಹತ್ತಿ ಬಡಿಯೋ ಕೋಲಿಂದ ನಿಮ್ಮ ಬೆನ್ನು ಬಡೀತಿದ್ರು. ನೀವು 'ಒಳಗ್ ಹೋಗೇ ತಾಯಿ' ಅಂತ ಅಂಗಲಾಚ್ತಿದ್ರಿ. ಹೌದೋ ಅಲ್ವೋ?"

ಇಲ್ಯಾಸನ ಕೈ ತಾನಾಗಿ ಬೆನ್ನಿಗೆ ಹೋಯಿತು.

"ಹಾರಿದ್ದಾನೆ!" ಎಂದು ಗುಡುಗಿದ. "ಅಲ್ಲಾನಾಣೆ ಹಾರಿದ್ದಾನೆ! ನಾನೇ ಸಾಕ್ಷಿ!"

"ನಾನೂ ಸಾಕ್ಷಿ!" ಎಂದ ದುರ್ಮುಷ್. ಗಂಡಸರೆಲ್ಲ ಒಕ್ಕೊರಲಿನಿಂದ ಕೂಗಿದರು. ನಸೂಹ ಆನಂದಬಾಷ್ಪ ಒರೆಸಿಕೊಂಡ.

"ಕಣ್ಣು ಬಿಟ್ಕೊಂಡೇ ಹಾರಿದ್ದಾನೆ! ಎಳ್ಕೊಂಡ್ ನಡೀರಿ ಕಾಜಿ ಹತ್ರ!" ಎಂದ ಇಲ್ಯಾಸ.

ಎಳೆದುಕೊಂಡು ಹೋಗುವಷ್ಟರಲ್ಲಿ ಸಂಜೆಯಾಗಿತ್ತು, ದಾರಿಯಲ್ಲೇ ಯಾಕೂಬನಿಗೂ ಇಲ್ಯಾಸನ ಮಗಳಿಗೂ ನಿಶ್ಚಿತಾರ್ಥದ ಶರಬತ್ತು ಹಂಚುತ್ತಿದ್ದರು. ಸಾಕ್ಷಿಗಳೆಲ್ಲ ಒಂದೊಂದು ಲೋಟ ಕುಡಿದೇ ಮುಂದೆ ನಡೆದರು.