ಪುಕ್ಕಟೆ ಬಂದ ತಿದ್ದುಪಡಿ, ಮುಚ್ಚಿಹೋದ ನನ್ನ ಸಂದಿ

ಬೀಗತಿಯನ್ನು ಕಾರು ರೇಸಿನಲ್ಲಿ ಮಣ್ಣು ಮುಕ್ಕಿಸಿಯೇ ಸೈ ಎಂದು ನಾನು ಶಪಥ ಮಾಡಿದಾಗ ನನಗೆ ಅರವತ್ತೇಳು ವರ್ಷ. ಮೊಣಕಾಲು ನೋವು, ಎಡಗಣ್ಣಿಗೆ ಪೊರೆ. ಆದರೇನು? ಕಾರು ಇದ್ದದ್ದು ಕಂಪ್ಯೂಟರಿನೊಳಗೆ! ಅದಕ್ಕೆ ಬೇಕಾದದ್ದು ನಾಲ್ಕು ಗುಂಡಿ, ಎರಡು ಬೆರಳು. ಮೂರನೇ ಇಯತ್ತೆ ಓದಿದವಳಿಗೆ ಅಷ್ಟು ಸಾಕು.

ಅದು ಎರಡು ಸಾವಿರದ ಒಂದನೇ ಇಸವಿ. ಮಗ ಅಮರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದ. ಮನೆಯಲ್ಲೂ ಕೆಲಸ ಸಾಗಲೆಂದು ವಡಗಾವಿಯ ನಮ್ಮ ಮನೆಗೆ, ಅವರಪ್ಪನ ಮಗ್ಗ ಇದ್ದ ಜಾಗಕ್ಕೇ, ಒಂದು ಕಂಪ್ಯೂಟರ್ ತಂದಿಟ್ಟ. ಬೇಸರ ಕಳೆಯಲು ಅದರಲ್ಲೊಂದು ಕಾರಿನ ಆಟ ಹಾಕಿಕೊಂಡ. ಅವನು ಪ್ರೆಸ್ಸಿಗೆ ಹೊರಟನೆಂದರೆ ಸಿಂಹಾಸನ ನನ್ನದು!

ಮೂರೇ ತಿಂಗಳಲ್ಲಿ ನಾನೊಂದು ಮಹಾ ಶೋಧ ಮಾಡಿದೆ. ಮೂರನೇ ತಿರುವಿನಲ್ಲಿ, ಪೆಟ್ರೋಲ್ ಪಂಪಿನ ಬಾಜು ಒಂದು ಹಳದಿ ಗೋಡೆ. ಅದರ ಎಡಮೂಲೆಗೆ ಕಾರನ್ನು ಜೋರಾಗಿ ನುಗ್ಗಿಸಿದರೆ ಕಾರು ಗೋಡೆಯೊಳಗೆ ಮಾಯವಾಗಿ, ಗೆಲುವಿನ ಗೆರೆಯ ಹತ್ತಿರ ಪ್ರತ್ಯಕ್ಷ! ವಡಗಾವಿಯಲ್ಲಿ ಬೆಳೆದವಳಿಗೆ ಇದೇನು ಸೋಜಿಗ? ನಮ್ಮ ಓಣಿಯಲ್ಲಿ ಗೋಡೆಯೆಂದು ಕಂಡಲ್ಲಿ ಸಂದಿ ಇರುತ್ತದೆ, ಸಂದಿಯಾಚೆ ಯಾರದೋ ಹಿತ್ತಲು, ಹಿತ್ತಲಾಚೆ ಪೇಟೆ. ಆಟ ಮಾಡಿದ ಪುಣ್ಯಾತ್ಮರೂ ಹಾಗೇ ಒಂದು ಸಂದಿ ಬಿಟ್ಟಿದ್ದಾರೆ, ಜಾಣರಿಗೆ ಕಾಣಲಿ ಅಂತ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಸೊಸೆ ಮನಿಷಾಳಿಗೆ ಏಳು ತಿಂಗಳು ತುಂಬಿ, ಸೀಮಂತದ ಕುಬಸ ಮುಗಿಯಿತು. ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆದೊಯ್ಯಲು ಖಾನಾಪುರದಿಂದ ಬೀಗತಿ ಗಂಗಾದೇವಿ ಬಂದು ಕೂತರು. ಹೆರಿಗೆಯಾಗಿ ಐದು ತಿಂಗಳು ತಾಯಿ-ಕೂಸು ಅಲ್ಲೇ ಇರುವುದು ರೂಢಿ. ಮೊದಲನೇ ಮೊಮ್ಮಗು! ಐದು ತಿಂಗಳಲ್ಲಿ ಅದು ನಗಲು ಕಲಿತು, ಮಗುಚಿಕೊಂಡು, ನನ್ನನ್ನು ಕಂಡರೆ ಯಾರೋ ಎಂದು ಅಳುವಷ್ಟು ದೊಡ್ಡದಾಗಿರುತ್ತದೆ.

"ಮೂರು ತಿಂಗಳಿಗೆ ಕಳಸ್ರಿ ಬೀಗತ್ಯಾರ" ಎಂದೆ.

"ಐದಕ್ಕ ಒಂದು ದಿನಾನೂ ಕಮ್ಮಿ ಇಲ್ರಿ. ನನ್ನ ಮಗಳು, ನನ್ನ ಬಾಣಂತನ."

"ಹಂಗಾರ ಕಾರಿನ ಆಟ ಆಡೂಣು. ನಾ ಗೆದ್ರ ಮೂರು."

"ನಾ ಗೆದ್ರ?"

"ಐದು! ಆದ್ರ ನೀವೆಲ್ಲಿ ಗೆಲ್ಲತೀರಿ?"

ಧೈರ್ಯಕ್ಕೆ ಕಾರಣವಿತ್ತು. ಬಂದಾಗಲೆಲ್ಲ ಅವರೂ ಒಂದು ಕೈ ಆಡುತ್ತಿದ್ದರು. ಓಡಿಸುವ ರೀತಿ ಮಾತ್ರ ಕಾಡುದಾರಿಯಲ್ಲಿ ತೆವಳುತ್ತ ಲೋಂಡಾಕ್ಕೆ ಹೋಗುವ ಬಸ್ಸಿನದು! ತಿರುವು ಬಂದರೆ ಬ್ರೇಕು. ಹಿಂದಿನ ಕಾರಿಗೆ "ಅವಸರ ಇದ್ರ ಮುಂದ ಹೋಗ್ರಿ" ಎಂಬ ಉಪಚಾರ ಬೇರೆ.

ಆ ಸಂಜೆ ಅಮರ ಕಂಪ್ಯೂಟರ್ ಪತ್ರಿಕೆಯೊಂದನ್ನು ತಂದ. ಅದರ ಜೊತೆ ಒಂದು ಸಿಡಿ.

"ಅವ್ವಾ, ಆಟ ಮಾಡಿದವರು ತಿದ್ದುಪಡಿ ಕಳಸ್ಯಾರ. ಹೊಸಾ ಕಾರೂ ಅದಾವಂತ. ಎಲ್ಲಾ ಪುಕ್ಕಟೆ. ಹಾಕಲೇನು?"

"ಪುಕ್ಕಟೆ ಅಂದ್ರ ಕೇಳೂದೇನೋ? ಬದನೀಕಾಯಿ ಮ್ಯಾಲೆ ಕೊಸರು ಬಿಟ್ಟು ಬಂದಾಕಿ ಅಲ್ಲ ನಾ. ಹಾಕು!"

ಮಾರಿದ ಮೇಲೂ ಗಿರಾಕಿಯನ್ನು ನೆನೆಸುವ ಮಂದಿ! ಅವರ ವಂಶ ಬೆಳಗಲಿ ಎಂದು ಹರಸಿದೆ. ಸಿಡಿ ಹಾಕಿದ ಮೇಲೆ ಒಂದು ಸುತ್ತು ಆಡಿ ನೋಡಬಹುದಿತ್ತು. ಆದರೆ ಬೀಗತಿ ಅಲ್ಲೇ ಚಹಾ ಕುಡಿಯುತ್ತಿದ್ದರು. ನನ್ನ ಸಂದಿ ಅವರ ಕಣ್ಣಿಗೆ ಬಿದ್ದರೆ?

ಮರುದಿನ ಮುಂಜಾನೆ ಮಹಾಯುದ್ಧ. ಮೊದಲು ಗಂಗಾದೇವಿ. ಆರು ನಿಮಿಷ ಹತ್ತು ಸೆಕೆಂಡು. ನಾನು ಒಳಗೊಳಗೇ ನಕ್ಕೆ. ಸಂದಿ ಸಿಕ್ಕ ಮೇಲೆ ನನ್ನದು ಎಂದಿಗೂ ಎರಡು ನಿಮಿಷ ದಾಟಿದ್ದಿಲ್ಲ! ಸೆರಗು ಸಿಕ್ಕಿಸಿಕೊಂಡು ಕೂತೆ. ಮೊದಲ ತಿರುವು, ಎರಡನೆಯದು, ಪೆಟ್ರೋಲ್ ಪಂಪು, ಹಳದಿ ಗೋಡೆ, ಎಡಮೂಲೆ...

ಧಡಾರ್!

ಹಿಂದೆ ತೆಗೆದು ಮತ್ತೆ ಗುದ್ದಿದೆ. ಧಡಾರ್! ಏಳು ಸಲ ಗುದ್ದಿದೆ. ಕಾರಿನ ಮೂತಿ ಹಪ್ಪಳವಾಯಿತು, ಹೊಗೆ ಎದ್ದಿತು, ಗೋಡೆ ಮಾತ್ರ ಕೋಟೆಯ ಗೋಡೆಯಂತೆ ನಿಂತಿತ್ತು. ಗುದ್ದುವುದರಲ್ಲೇ ಬೀಗತಿಯ ಆರು ನಿಮಿಷ ಹತ್ತು ಸೆಕೆಂಡು ದಾಟಿಹೋಯಿತು.

"ಅವ್ವಾ, ರಸ್ತಾ ಬಿಟ್ಟು ಗ್ವಾಡಿಗೆ ಯಾಕ ಹಾಯತೀ?"

"ಇಲ್ಲೊಂದು ಸಂದಿ ಇತ್ತೋ! ಯಾರೋ ಮುಚ್ಯಾರ!"

ಅಮರ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ಸಂದಿ ಅಲ್ಲವ್ವಾ, ಆಟದಾಗಿನ ತಪ್ಪು. ನಿನ್ನೆ ಬಂದ ಸಿಡಿ ಅದನ್ನ ಸರಿ ಮಾಡೇತಿ."

"ಯಾರು ಕೇಳಿದ್ರು ಇವರನ್ನ? ಮಾರಿದ ಮ್ಯಾಲೆ ಮನಿಯೊಳಗ ಹೊಕ್ಕು ಗ್ವಾಡಿ ಕಟ್ಟತಾರಂದ್ರ ಏನರ್ಥ?"

ಮನಿಷಾ ನನ್ನ ಪಕ್ಷ ಹಿಡಿದಳು. "ಖರೇ ಅತ್ತಿ. ಅರೆಬೆಂದದ್ದು ಮಾರಿ, ಈಗ ಬೇಯಿಸಿ ಕೊಡಾಕ ಬಂದಾರ. ಇದಕ್ಕ ಪುಕ್ಕಟೆ ಅಂತ ದೊಡ್ಡ ಹೆಸರು!"

"ಹಂಗನಬ್ಯಾಡ" ಎಂದರು ಗಂಗಾದೇವಿ. "ನಮ್ಮ ಮನಿಗೆ ಹಂಚು ಹೊದಿಸಿದ ಭರಮಪ್ಪ ಮೊದಲ ಮಳಿ ಆದಕೂಡಲೆ ತಾನಾಗೇ ಬಂದು ಒಡದ ಹಂಚು ತಗದು ಹೊಸಾದು ಹಾಕಿದ. ನಾ ಅವಗ ಬೈಲಿಲ್ಲ, ಚಾ ಕೊಟ್ಟೆ. ಸೋರೂದ ಬೇಕಾದವರಿಗೆ ಅಷ್ಟ ಸಿಟ್ಟು ಬರತೈತಿ!"

ನನಗೆ ಸೋರುವುದೇ ಬೇಕಿತ್ತು.

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋಗಿ ಖಾನಾಪುರದ ಬಸ್ಸಿನಲ್ಲಿ ಇಬ್ಬರನ್ನೂ ಕೂಡಿಸಿದೆ. ಸೊಸೆಯ ಕೈ ಹಿಡಿದು ನಿಂತೆ. ಐದು ತಿಂಗಳು! ಆಗ ಗಂಗಾದೇವಿ ಕಿಟಕಿಯಿಂದ ಬಗ್ಗಿ ಅಂದರು:

"ಬೀಗತ್ಯಾರ, ಕೂಸಿಗೆ ಮೂರು ತಿಂಗಳು ತುಂಬಿದ ಮರುದಿನ ಬಂದು ಕರಕೊಂಡು ಹೋಗ್ರಿ."

"ನಾ ಸೋತೀನಲ್ರೀ!" ಕಣ್ಣೀರು ಬಂದೇ ಬಿಟ್ಟಿತು. "ಎಂಥಾ ದೊಡ್ಡ ಮನಸರೀ ನಿಮ್ಮದು!"

"ಮನಸೂ ಇಲ್ಲ, ಏನೂ ಇಲ್ಲ. ಐದು ತಿಂಗಳು ಇಟ್ಕೊಂಡ್ರ ನೀವು ದಿನಾ ಮುಂಜಾನಿ ಬಸ್ಸಿಗೆ ಬಂದು ನಮ್ಮನ್ಯಾಗ ಕುಂದರತೀರಿ. ಒಂದು ಕೂಸು ಸಂಭಾಳಸ್ತೀನ್ರಿ, ಎರಡು ನನ್ನ ಕೈಲೆ ಆಗಂಗಿಲ್ಲ!"

ಇಡೀ ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಡಕ್ಟರ್. ಖಾನಾಪುರಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆಂದು ಐದು ನಿಮಿಷದ ಹಿಂದಷ್ಟೇ ಅವನನ್ನು ಕೇಳಿಕೊಂಡು ಬಂದಿದ್ದೆನಲ್ಲ!