ನಡುಮನೆಯಲ್ಲಿ ಪಾವಗಡದ ರೈಲು

ಒಬ್ಬ ಗೃಹಸ್ಥ ನೆಲದ ಮೇಲೆ ಬೋರಲು ಮಲಗಬಹುದಾದ ಸಂದರ್ಭಗಳು ನಮ್ಮ ಸಮಾಜದಲ್ಲಿ ಬಹಳ ಕಡಿಮೆ. ಗುರುಗಳಿಗೆ ಸಾಷ್ಟಾಂಗ ಹಾಕುವಾಗ ಮಲಗಬಹುದು. ಸೊಂಟ ಹಿಡಿದು ಎಣ್ಣೆ ತಿಕ್ಕಿಸಿಕೊಳ್ಳುವಾಗ ಮಲಗಬಹುದು. ಮಂಚದ ಕೆಳಗೆ ಉರುಳಿದ ಅಂಗಿಯ ಗುಂಡಿಯನ್ನು ಹುಡುಕುವಾಗ, ಅದೂ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಲಗಬಹುದು. ಈ ಮೂರನ್ನೂ ಬಿಟ್ಟು ನಾಲ್ಕನೆಯ ಕಾರಣಕ್ಕೆ ನಾನು ಪ್ರತಿ ಭಾನುವಾರ ಮಲಗುತ್ತೇನೆ. ಮರಾಮತ್ ಇಲಾಖೆಯ ಇಂಜಿನಿಯರು, ಸೀಮೆಗೆ ಹೋಗಿ ಓದಿ ಬಂದವನು, ಮಧುಗಿರಿಯ ಪೇಟೆಯಲ್ಲಿ ನಡೆದರೆ ಜನ ಎದ್ದು ಕೈಮುಗಿಯುವಂಥ ಆಸಾಮಿ, ಹೊಟ್ಟೆಯಡಿ ಒಂದು ದಿಂಬು ಇಟ್ಟುಕೊಂಡು ರೈಲಾಟ ಆಡುತ್ತೇನೆ.

ಈ ಚಟ ಅಂಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ನಾನಿದ್ದ ಬಿಡಾರದ ಯಜಮಾನ ಬ್ಯಾಂಕಿನಲ್ಲಿ ದೊಡ್ಡ ಕೆಲಸ ಮಾಡಿ ನಿವೃತ್ತನಾದ ಮುದುಕ. ಆತನ ಮೀಸೆಗೆ ಹೆದರಿ ನಾನು ಮೆಟ್ಟಿಲು ಹತ್ತುವಾಗ ಬೂಟು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಒಂದು ಭಾನುವಾರ ನನ್ನನ್ನು ಅಟ್ಟಕ್ಕೆ ಕರೆದ. ಯಾವ ತಪ್ಪಿಗೆ ಛೀಮಾರಿಯೋ ಎಂದು ನಡುಗುತ್ತಾ ಹೋದರೆ, ಅಟ್ಟದ ತುಂಬ ಗೇಣುದ್ದದ ಕಂಬಿಗಳು, ಬೆಂಕಿಪೊಟ್ಟಣದಷ್ಟು ಸ್ಟೇಷನ್ನುಗಳು. ಮುದುಕ ಗಾರ್ಡಿನ ಟೋಪಿ ಹಾಕಿಕೊಂಡು ದಡಕ್ಕನೆ ನೆಲದ ಮೇಲೆ ಮಲಗಿ, ನನ್ನ ಕೈಗೆ ಹಸಿರು ಬಾವುಟ ಕೊಟ್ಟ. ನಾನು ದಂಗಾದೆ. ನಮ್ಮನ್ನಾಳುವ ಜನಾಂಗ ಮನೆಯಲ್ಲಿ ಕುಳಿತು ಮಾಡುವುದು ಇದನ್ನೇ? ಇವರಿಗೇ ನಾವು ಜಮಾಬಂದಿಯ ದಿನ ಬಾಗಿಲಲ್ಲಿ ಮಾವಿನ ತೋರಣ ಕಟ್ಟುವುದು? ಮೊದಲ ಭಾನುವಾರ ಹೀಗೆಲ್ಲ ಅನ್ನಿಸಿತು. ಎರಡನೆಯ ಭಾನುವಾರ ಬಾವುಟ ವಾಪಸು ಕೊಡುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ.

ತಪ್ಪು ನನ್ನೊಬ್ಬನದಲ್ಲ. ರೈಲಿಲ್ಲದ ಸೀಮೆಯಲ್ಲಿ ಹುಟ್ಟಿದವನಿಗೆ ರೈಲಿನ ಹಸಿವು ಸಾಯುವ ತನಕ ಹೋಗುವುದಿಲ್ಲ. ನಮ್ಮ ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೂ ಒಂದು ಮಾರು ಕಂಬಿ ಇಲ್ಲ. ರೈಲು ಬೇಕೆಂದರೆ ಗೌರಿಬಿದನೂರಿಗೆ ಗಾಡಿ ಕಟ್ಟಬೇಕು. ನಾನು ಮೊದಲು ಅಲ್ಲಿ ಇಂಜಿನ್ ಕಂಡಾಗ ತಾತನ ಪಂಚೆಯೊಳಗೆ ಸೇರಿಕೊಂಡಿದ್ದೆನಂತೆ. ತಾತ ಕಂಬದ ಹಿಂದೆ ಸೇರಿಕೊಂಡಿದ್ದರೆಂಬುದನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇಂಗ್ಲೆಂಡಿನಲ್ಲಿದ್ದಷ್ಟು ದಿನವೂ ಬಿಡುವಾದಾಗಲೆಲ್ಲ ಸ್ಟೇಷನ್ನಿಗೆ ಹೋಗಿ, ಹೋಗಬೇಕಾದ ಊರು ಯಾವುದೂ ಇಲ್ಲದಿದ್ದರೂ, ಕಲ್ಲಿದ್ದಲಿನ ಹೊಗೆ ಕುಡಿದು ಬರುತ್ತಿದ್ದೆ. ಹೊರಡುವ ದಿನ ಮುದುಕ ತನ್ನ ಹಳೆಯ ಇಂಜಿನ್ ಒಂದನ್ನು, ಕಂಬಿ ಡಬ್ಬಿಗಳ ಸಮೇತ, ಕಣ್ಣೊರೆಸಿಕೊಂಡು ಕೊಟ್ಟ. ಕೀಲಿ ಕೊಟ್ಟು ಓಡಿಸುವ ಆಟಿಕೆಯಲ್ಲ. ಹೊಟ್ಟೆಗೆ ನೀರು ತುಂಬಿ, ಅಡಿಯಲ್ಲಿ ಸ್ಪಿರಿಟ್ ದೀಪ ಹಚ್ಚಿದರೆ ಬುಸುಗುಟ್ಟಿ ಓಡುವ ಅಸಲಿ ಉಗಿಬಂಡಿ. ನನ್ನ ಜೊತೆಗೆ ಹಡಗಿನಲ್ಲಿ ಬಂದವರು ಸೂಕ್ಷ್ಮದರ್ಶಕ ತಂದರು, ಕಾನೂನಿನ ಪುಸ್ತಕ ತಂದರು. ನಾನು ಇದನ್ನು ತಂದೆ.

ಮಧುಗಿರಿಯ ಮನೆಯ ನಡುಮನೆಯಲ್ಲಿ ಕಂಬಿ ಹಾಸಿದೆ. ಇಂಗ್ಲಿಷ್ ಹೆಸರಿನ ಸ್ಟೇಷನ್ನುಗಳು ನಮ್ಮ ಸಗಣಿ ಸಾರಿಸಿದ ನೆಲಕ್ಕೆ ಒಗ್ಗಲಿಲ್ಲ. ಆದ್ದರಿಂದ ತಗಡಿನ ಚೂರುಗಳ ಮೇಲೆ ಕನ್ನಡದಲ್ಲಿ ಬರೆದು ನೆಟ್ಟೆ. ಬೀರುವಿನ ಪಕ್ಕ ಮಧುಗಿರಿ, ಅಡುಗೆಮನೆಯ ಹೊಸಲಿನಲ್ಲಿ ಕೊರಟಗೆರೆ, ಮಂಚದ ಕೆಳಗೆ ಸಿರಾ, ಮೂಲೆಯಲ್ಲಿ ಕಸಬರಿಗೆಯ ಹತ್ತಿರ ಪಾವಗಡ. ಮಧುಗಿರಿಗೆ ಬೆಟ್ಟವಿಲ್ಲದಿದ್ದರೆ ಹೇಗೆ? ಒರಳಿನ ಗುಂಡುಕಲ್ಲನ್ನು ತಂದು ನಿಲ್ಲಿಸಿದೆ. ಏಕಶಿಲೆ, ಆಕಾರವೂ ತಕ್ಕಮಟ್ಟಿಗೆ ಹೊಂದಿತು. ಗುಂಡುಕಲ್ಲನ್ನು ಕಳೆದುಕೊಂಡ ನನ್ನ ಹೆಂಡತಿ ಮಾತ್ರ ಆ ಬೆಟ್ಟವನ್ನು ದಿನವೂ ಬೇರೆ ದೃಷ್ಟಿಯಿಂದ ನೋಡುತ್ತಿದ್ದಳು.

ಒಂದು ಭಾನುವಾರ ಗಾಡಿ ಸಣ್ಣೀರಪ್ಪ ಗೌರಿಬಿದನೂರಿನ ಸ್ಟೇಷನ್ನಿನಿಂದ ನನ್ನ ಸ್ಪಿರಿಟ್ಟಿನ ಪೆಟ್ಟಿಗೆ ತಂದ. ಮಧುಗಿರಿಯಿಂದ ಗೌರಿಬಿದನೂರಿಗೆ ಜನರನ್ನು ಹೊತ್ತು ತಿರುಗುವುದೇ ಅವನ ಕಸುಬು. ಅವನ ಎತ್ತಿನ ಜೋಡಿಯೇ ನಮ್ಮೂರಿನ ಎಕ್ಸ್‌ಪ್ರೆಸ್ಸು. ಬಾಗಿಲಲ್ಲಿ ನಿಂತು ಬಂಡಿ ಓಡುವುದನ್ನು ನೋಡಿದ, ತಗಡಿನ ಹೆಸರುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ, ಪೆಟ್ಟಿಗೆ ಇಳಿಸಿ ಹೊರಟುಹೋದ.

ವಾರ ಕಳೆಯುವಷ್ಟರಲ್ಲಿ ಸಿರಾ ಕಡೆಯ ತಾವರೆಕೆರೆಯ ಪಟೇಲರು ಒಂದು ಮಂಕರಿ ಕಡಲೆಕಾಯಿ ಹೊರಿಸಿಕೊಂಡು ಬಂದರು. ಸಿರಾ ಸ್ಟೇಷನ್ನನ್ನು ಮಂಚದ ಕೆಳಗಿನ ಕತ್ತಲಿನಲ್ಲಿ ಇಟ್ಟಿರುವುದು ತಮ್ಮ ಭಾಗದ ಜನಕ್ಕೆ ಬಹಳ ನೋವಾಗಿದೆ ಎಂದರು. ಅವರ ಮಾತು ಮುಗಿಯುವ ಮುಂಚೆ ಪಾವಗಡದ ಸೆಟ್ಟರೊಬ್ಬರು ಬಂದು, ಹೊಸಲಿನಲ್ಲೇ ನಿಂತು, ತಮ್ಮದೇನು ಊರಲ್ಲವೇ ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಸ್ವಾಮೀ, ನಮ್ಮ ಪಾವಗಡಾನ ಆ ಕಸಬರಿಗೆ ಪಕ್ಕ ಪೆಟ್ಟಿದ್ದೀರಲ್ಲ, ಎಂದುಕು? ಅದೇನು, ಮಾದಿ ಊರು ಕಾದಾ?"

ಇದು ಆಟದ ಸಾಮಾನು ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ರೈಲು ಬರುವ ಸರ್ಕಾರದ ಗುಟ್ಟನ್ನು ಬಾಯಿಬಿಡದ ಅಧಿಕಾರಿಯನ್ನು ಕಂಡು ಸಂತೋಷವಾಯಿತೆಂಬಂತೆ ತಲೆದೂಗಿದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದಕ್ಕೆ ಕ್ಷಮೆ ಕೇಳಿ, ಮಾರನೆಯ ಭಾನುವಾರ ಮತ್ತೆ ಬರುತ್ತೇವೆಂದು ಹೋದರು. ಮಂಕರಿ ಆಗಲೇ ಅಡುಗೆಮನೆ ಸೇರಿತ್ತು.

ನಿಜವಾದ ಆಘಾತ ಬಂದದ್ದು ಆ ಭಾನುವಾರದಂದೇ. ಸಣ್ಣೀರಪ್ಪ ಎತ್ತುಗಳನ್ನು ಮಾರುವುದಕ್ಕೆ ಸಂತೆಗೆ ಹೊಡೆದುಕೊಂಡು ಹೊರಟಿದ್ದಾನೆ ಎಂದು ನನ್ನ ಹೆಂಡತಿ ಹೇಳಿದಳು. ಕರುಗಳಾಗಿದ್ದಾಗಿನಿಂದ ಮಕ್ಕಳ ಹಾಗೆ ಸಾಕಿದ ಜೋಡಿ. ಅವು ಹೋದರೆ ಅವನ ಮನೆಯ ಒಲೆ ಹೊತ್ತುವುದಿಲ್ಲ. ಬೀದಿಗೆ ಓಡಿ ಅವನನ್ನು ತಡೆದು, ಎತ್ತುಗಳನ್ನು ನಮ್ಮ ಗೇಟಿಗೆ ಕಟ್ಟಿಸಿದೆ. ಪಟೇಲರೂ ಸೆಟ್ಟರೂ ಮಾತಿನಂತೆ ಒಳಗೆ ಬಂದು ಕುಳಿತೇ ಇದ್ದರು.

ಸಣ್ಣೀರಪ್ಪನನ್ನೂ ಒಳಗೆ ಕೂರಿಸಿ, ರೈಲು ಗೀಲು ಏನೂ ಬರುವುದಿಲ್ಲವೆಂದು ಬಿಡಿಸಿ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

"ನನ್ತಾವ ಯಾಕೆ ಮುಚ್ಚಿಡ್ತೀರಾ ಬುದ್ಧಿ. ಹೋದೊರ್ಸ ಕಚೇರಿ ಅಂಗ್ಳದಾಗೆ ಮಣ್ಣಲ್ಲಿ ಕೆರೆ ಏರಿ ಮಾಡಿ ತೋರ್ಸಿದ್ರಿ. ತೂಬು ಎಲ್ಲಿ ಮಡಗಿದ್ರೋ ಅಲ್ಲೇ ಬಂತು. ಈಗ ರೈಲು ಮಾಡೀರಿ. ಬರ್ದೆ ಎಲ್ಲೋಯ್ತದೆ? ಬಂದ್ಮ್ಯಾಕೆ ನನ್ನ ಎತ್ತ ಯಾರು ಕೇಳ್ತಾರೆ? ಈಗ್ಲೇ ಮಾರ್ಬುಡ್ತೀನಿ."

ಅವನ ತರ್ಕದಲ್ಲಿ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಆ ಕೆರೆಯ ನಮೂನೆಯನ್ನು ಮಾಡಿ, ಎಲ್ಲ ಇದರಂತೆಯೇ ಬರುತ್ತದೆಂದು ಎದೆಯುಬ್ಬಿಸಿ ಭಾಷಣ ಬಿಗಿದಿದ್ದವನು ನಾನೇ. ಉಳಿದದ್ದು ಒಂದೇ ದಾರಿ. ಪಟೇಲರ ಮುಂದೆ, ಸೆಟ್ಟರ ಮುಂದೆ, ಕೋಟು ರುಮಾಲಿನ ಸಮೇತ ನಾನು ಬೋರಲು ಮಲಗಿದೆ. ದೀಪ ಹಚ್ಚಿದೆ. ಬಾವುಟ ಬೀಸಿದೆ. ಇದು ಆಟವೇ ಎಂದು ಸಂಶಯಕ್ಕೆಡೆಯಿಲ್ಲದಂತೆ ಸಾಧಿಸಲು ಬಾಯಿಂದ ಕೂ ಎಂದು ಸಿಳ್ಳೆಯನ್ನೂ ಹಾಕಿದೆ. ತಲೆಯೆತ್ತಿ ನೋಡಿದರೆ ಪಟೇಲರ ಕಣ್ಣಿನಲ್ಲಿ ಅಪಾರ ಮೆಚ್ಚುಗೆ. ಗುಟ್ಟು ಕಾಪಾಡುವುದಕ್ಕೋಸ್ಕರ ಮರ್ಯಾದೆಯನ್ನೂ ಲೆಕ್ಕಿಸದ ಇಂಥ ಅಧಿಕಾರಿ ಹಿಂದೆ ಬಂದದ್ದಿಲ್ಲ, ಮುಂದೆ ಬರುವುದೂ ಇಲ್ಲ ಎಂದು ಅವರು ಸೆಟ್ಟರ ಕಿವಿಯಲ್ಲಿ ಹೇಳುತ್ತಿದ್ದರು. ಸಣ್ಣೀರಪ್ಪ ಎತ್ತು ಬಿಚ್ಚಲು ಎದ್ದ.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. ಕೊರಟಗೆರೆ ಸ್ಟೇಷನ್ನನ್ನು ದಾಟಿ ನಿಂತು, ಸೆರಗು ಸರಿಮಾಡಿಕೊಂಡಳು.

"ಇಲ್ಲ ಕಣಪ್ಪ ಸಣ್ಣೀರಪ್ಪ. ಮೊನ್ನೆ ಊಟಕ್ಕೆ ಕರೆದ್ರೆ, ಪಾವಗಡದ ಗಾಡಿ ಬರೋಗಂಟ ಏಳಲ್ಲ ಅಂದ್ರು. ಸಾರೆಲ್ಲ ಆರಿಹೋಯ್ತು. ಗುಂಡುಕಲ್ಲು ಬೆಟ್ಟ ಆಗಿದೆ ಅಂತ ನಮ್ಮನೇಲಿ ದೋಸೆ ಹುಯ್ದು ಎಷ್ಟು ದಿನ ಆಯ್ತೋ. ನೀನೇ ಹೇಳು, ಸರ್ಕಾರದ ಕೆಲಸ ಆಗಿದ್ರೆ ಇವರು ಇಷ್ಟು ಮನಸಿಟ್ಟು ಮಾಡ್ತಿದ್ರಾ?"

ನನ್ನ ಇಲಾಖೆಯ ರಸ್ತೆಗಳ ಮೇಲೆಯೇ ಬಂದಿದ್ದ ಆ ಮೂವರಿಗೂ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿರಲಿಲ್ಲ. ಸೆಟ್ಟರು ಮೆಲ್ಲಗೆ "ಅಯ್ಯೋ ಪಾಪಂ" ಎಂದರು. ಪಟೇಲರು ಹೊರಡುವಾಗ ಅಡುಗೆಮನೆಯ ಕಡೆಗೊಮ್ಮೆ ನೋಡಿ, ಕಡಲೆಕಾಯಿಯ ಆಸೆ ಬಿಟ್ಟು, ಚಪ್ಪಲಿ ಮೆಟ್ಟಿದರು. ಸಣ್ಣೀರಪ್ಪ ಎತ್ತುಗಳನ್ನು ಬಿಚ್ಚಿ, ಅವುಗಳ ಬೆನ್ನು ಸವರಿ, ಸಂತೆಯ ಕಡೆಗಲ್ಲ, ಮನೆಯ ಕಡೆಗೆ ತಿರುಗಿಸಿದ. ನಾನು ಇನ್ನೂ ಮಲಗಿಯೇ ಇದ್ದೆ. ಏಳುವುದಕ್ಕೆ ಮುಖವಿರಲಿಲ್ಲ.

ಕೆಲವು ದಿನಗಳ ಮೇಲೆ ಸಣ್ಣೀರಪ್ಪ ಮತ್ತೆ ಬಂದ. ಪಂಚೆಯ ಮಡಿಲಿನಿಂದ ತಾನೇ ಕೆತ್ತಿದ ಮರದ ಕಮಾನುಗಾಡಿ ತೆಗೆದ, ಹಿಂದೆಯೇ ಎರಡು ಎತ್ತು. ಕೊಂಬಿಗೆ ಕೆಂಪು ಬಣ್ಣವನ್ನೂ ಹಚ್ಚಿದ್ದ. ಕಾಯಿಲೆ ಮಲಗಿದವರ ಮುಂದೆ ಆಡುವ ದನಿಯಲ್ಲಿ ಹೇಳಿದ:

"ಸೀಮೆ ಸಾಮಾನು ಕೆಟ್ರೆ ಇಲ್ಯಾರು ರಿಪೇರಿ ಮಾಡ್ತಾರೆ ಬುದ್ಧಿ. ಇದು ಕೆಡಾಕಿಲ್ಲ. ಆಡ್ಕಳಿ."

ಬೇಡವೆನ್ನುವ ಯೋಗ್ಯತೆ ನನಗಿರಲಿಲ್ಲ. ಗಾಡಿಯನ್ನು ಮಧುಗಿರಿ ಸ್ಟೇಷನ್ನಿನ ಮುಂದೆ ನಿಲ್ಲಿಸಿದ್ದೇನೆ. ಎತ್ತುಗಳು ಇಂಜಿನ್ನಿಗಿಂತ ಎತ್ತರ; ಇಂಜಿನ್ನು ಅವುಗಳ ಗಂಗೆದೊಗಲಿನ ಪಕ್ಕದಲ್ಲಿ ತಲೆತಗ್ಗಿಸಿ ಹೋಗುತ್ತದೆ. ಇಂಗ್ಲೆಂಡಿನ ಮುದುಕ ಇದನ್ನು ಕಂಡಿದ್ದರೆ ಅಳತೆ ಕೆಟ್ಟಿತೆಂದು ಅನ್ನನೀರು ಬಿಡುತ್ತಿದ್ದ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ಇಂಜಿನಿಯರನಾಗಿ ಮಲಗಿಕೊಂಡು ಮತ್ತೆ ಮತ್ತೆ ಅಳೆದು ನೋಡಿದ್ದೇನೆ. ನಮ್ಮ ನಾಲ್ಕು ತಾಲ್ಲೂಕುಗಳ ಸದ್ಯದ ಸ್ಥಿತಿಗೆ ಆ ಅಳತೆ ಸರಿಯಾಗಿಯೇ ಇದೆ. ನನ್ನ ಕೈಕೆಳಗೆ ಇಷ್ಟು ಕರಾರುವಾಕ್ಕಾಗಿ ಆದ ಕೆಲಸ ಇದೊಂದೇ, ಅದನ್ನು ಮಾಡಿದವನು ಸಣ್ಣೀರಪ್ಪ.