ಹಸಿವಿನ ವೇಷ

ತಮಿಳುನಾಡಿನ ತೇವಾರದ ಜಮೀನುದಾರ ಲಕ್ಷ್ಮಣನ್ ಹೊಲದಾಳುಗಳಿಗೆ ಮಧ್ಯಾಹ್ನ ಕೊಡುತ್ತಿದ್ದ ಅಂಬಲಿ ನಿಲ್ಲಿಸಿದ್ದೇ ಎಲ್ಲಕ್ಕೂ ಮೂಲ. "ಹಸಿವು ಅನ್ನೋದು ಸೋಮಾರಿಗಳು ಕಟ್ಟಿದ ಕತೆ" ಅಂತ ಅವರ ತೀರ್ಮಾನ. ಹಾಗಂದದ್ದು ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಅಗಿಯುತ್ತ.

ಆಳು ಮುತ್ತುಸಾಮಿ ಬಯಲಾಟದಲ್ಲಿ ವೇಷ ಕಟ್ಟುವವನು. ಅಂದು ಸಂಜೆ ಜಮೀನುದಾರರ ಅಂಗಳದಲ್ಲೇ ಆಟ. ಬಡವನ ಪಾತ್ರ ಇವನದು. ಹೋದ ಸಲದ ಆಟದಲ್ಲಿ ಬಡವನಿಗೂ ಜರಿ ಅಂಗಿ, ಮರದ ಕಿರೀಟ.

"ಈ ಸಲ ಇದ್ದದ್ದು ಇದ್ದಂಗೇ ತೋರಿಸ್ತೀನಿ. ಅವರ ಕಣ್ಣಲ್ಲಿ ನೀರು ಬಂದ್ರೆ ನಮಗೆ ಅಂಬಲಿ ಬತ್ತದೆ" ಅಂದ.

ಆಟ ಕಲಿಸುವ ವಾದ್ಯಾರ್ ಗುರುಸಾಮಿಗೆ ಎದೆ ಒಡೆಯಿತು. "ಕಿರೀಟ ಇಲ್ಲದ ಬಡವನ್ನ ನೋಡಾಕೆ ಬೀದಿಗೆ ಬಂದ್ರೆ ಸಾಕಲ್ಲೋ. ಆಟಕ್ಕೆ ಯಾಕೆ ಬರ್ತಾರೆ?"

ಸುದ್ದಿ ಹಬ್ಬಿದ್ದೇ ತಡ, ಕೇರಿಗೆ ಕೇರಿಯೇ ಹರಕು ಮುರುಕು ಹೊತ್ತು ಬಂತು. ನೆರೆಮನೆಯ ಪೇಚ್ಚಿಯಮ್ಮಾಳ್ ಗಂಡನ ಪಂಚೆ ಬಿಚ್ಚಿ ಹಿಡಿದಳು. "ನಿನ್ನದೂ ಒಂದು ಹರುಕಾ ತಂಬಿ? ಇದನ್ನ ನೋಡು, ತೂತಿನ ನಡುವೆ ಅಲ್ಲಲ್ಲಿ ಬಟ್ಟೆ ಐತೆ."

ಎದುರುಮನೆ ತಂಗಮ್ಮಾಳ್ ಬಿಡುವಳೇ? "ನಮ್ಮ ಮಡಿಕೆ ತಕೊಂಡೋಗು. ಇದರ ತಳ ನೋಡಿ ಇಲಿ ಊರು ಬಿಟ್ಟೈತೆ."

ಯಾರ ಬಡತನ ಅಂಗಳ ಹತ್ತಬೇಕು ಅಂತ ಇಬ್ಬರೂ ಜುಟ್ಟು ಹಿಡಿದರು. ಕೊನೆಗೆ ಪಂಚೆ ಒಬ್ಬಳದು, ಮಡಿಕೆ ಒಬ್ಬಳದು. ಹಸಿವೊಂದು ಮುತ್ತುಸಾಮಿಯ ಸ್ವಂತದ್ದು.

ಆಟದ ಪದಗಳು ತಮಿಳಿನವು. ಮುಂದೆ ಕೂತ ಜಮೀನುದಾರರು ಚಕ್ಕುಲಿ ಕಡಿಯುವ ಸದ್ದಿಗೆ ಅವನಿಗೆ ಪದವೆಲ್ಲ ಮರೆತೇಹೋಯಿತು. ಬಾಯಿಗೆ ಬಂದದ್ದು ಮನೆಮಾತು ಕನ್ನಡ.

"ಯಪ್ಪಾ, ಹಸಿವಾಗ್ತದೆ."

ಅಷ್ಟೇ. ಕಡಿದ ಬಾಳೆಗಿಡದ ಹಾಗೆ ಬಿದ್ದ. ನಿಜವಾಗಿಯೇ ಬಿದ್ದ.

"ಏಳೋ, ಬೀಳೋ ಜಾಗ ಇದಲ್ಲ" ಅಂತ ವಾದ್ಯಾರ್ ಹಲ್ಲು ಕಡಿದ.

ಜಮೀನುದಾರರ ಚಕ್ಕುಲಿ ಕೈಯಲ್ಲೇ ನಿಂತಿತು. ಗೊಳೋ ಅಂತ ಅತ್ತರು. "ಅಯ್ಯೋ, ಇಂಥ ಹಸಿವು ಯಾವ ದೇಶದಲ್ಲಿದೆಯಪ್ಪಾ?"

ಮುಖಕ್ಕೆ ನೀರು ಬಿದ್ದು ಎದ್ದ ಮುತ್ತುಸಾಮಿ ಕೈಮುಗಿದ. "ಇಲ್ಲೇ ಐಯಾ. ನಿಮ್ಮ ಹೊಲದಾಗೇ."

"ನೋಡ್ರಯ್ಯಾ, ಆಟ ನಿಂತರೂ ವೇಷ ಬಿಡಲೊಲ್ಲ!" ಜಮೀನುದಾರರು ಕಣ್ಣೊರೆಸಿಕೊಂಡು ಗುಮಾಸ್ತನ ಕಡೆ ತಿರುಗಿದರು. "ನಾಳೆಯಿಂದ ಇವನು ಹೊಲಕ್ಕೆ ಬೇಡ. ದಿಂಡಿಗಲ್ಲಿನ ನೆಂಟರು ಬಂದಾಗೆಲ್ಲ ಇದೇ ಆಟ ಆಡಲಿ."

ಕೇರಿಯವರು ಗುಮಾಸ್ತನ ಸುತ್ತ ಸೇರಿದರು.

"ಹಂಗಾದ್ರೆ ಅಂಬಲಿ ಮತ್ತೆ ಶುರು ಮಾಡೋಣ್ವಾ ಐಯಾ?" ಗುಮಾಸ್ತ ಕೇಳಿದ.

"ಹುಚ್ಚೇನಯ್ಯಾ ನಿನಗೆ? ಹೊಟ್ಟೆ ತುಂಬಿದ್ರೆ ಇವನು ಇಷ್ಟು ಚೆಂದ ಬೀಳ್ತಾನಾ?"